ನೀವು ಕೇಳಿದ್ರಿ: ವಾಲೈ ಮೀನು ಹಿಡಿಯೋಕೆ ಯಾವ ಲೇಕಿಗೆ ಹೋಗೋದು?

ಪ್ರಶ್ನೆ: ಸರ್, ನಾವು ಷಿಕಾಗೊ ಹತ್ರ ಇರೋ ನಾಲ್ಕು ಜನ ಫ್ರೆಂಡ್ಸು, ಜೂನ್‌ನಲ್ಲಿ ಮೂರ್ನಾಲ್ಕು ದಿನ ವಾಲೈ ಫಿಶಿಂಗ್‌ಗೆ ಹೋಗೋಣ ಅಂತಿದೀವಿ. ನಮ್ಮಲ್ಲಿ ಒಬ್ಬನಿಗೆ ಗ್ರೀನ್ ಕಾರ್ಡ್ ಇದೆ, ಉಳಿದವರು ಎಚ್-1ಬಿ, ಅದ್ರಲ್ಲಿ ಇಬ್ಬರಿಗೆ ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟ್ಯಾಂಪ್ ಮುಗಿದಿದೆ. ಜೊತೆಗೆ ನಮ್ಮ ಅಪ್ಪಯ್ಯ ಕುಂದಾಪುರದಿಂದ ಬಂದಿರ್ತಾರೆ, 67 ವರ್ಷ, ಗಂಗೊಳ್ಳಿ ಹೊಳೆಯಲ್ಲಿ ಗಾಳ ಹಾಕಿ ಬೆಳೆದವರು. ಆಫೀಸಲ್ಲಿ ಒಬ್ಬರು ಕೆನಡಾದ ಲಾಕ್ ಸೂಲ್ ಬಿಟ್ಟು ಬೇರೆ ಕಡೆ ಹೋಗ್ಲೇಬೇಡಿ ಅಂತಾರೆ, ಇನ್ನೊಬ್ಬರು ಅಮೆರಿಕ-ಕೆನಡಾ ಗಡಿಯಲ್ಲಿರೋ ಲೇಕ್ ಆಫ್ ದಿ ವುಡ್ಸ್ ಅಂತಾರೆ, ಮ್ಯಾಪ್ ನೋಡಿದ್ರೆ ಮಿನೆಸೋಟಾದ ಮಿಲ್ ಲಾಕ್ಸ್ ಹತ್ರ ಆಗತ್ತೆ. ನಮಗೆ ಬೋಟ್ ಇಲ್ಲ, ಅನುಭವನೂ ಅಷ್ಟಕ್ಕಷ್ಟೆ. ಯಾವ್ದು ಆರಿಸ್ಕೊಳ್ಳೋದು?

ಉತ್ತರ: ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮ ಗುಂಪಿಗೆ ಲೇಕ್ ಆಫ್ ದಿ ವುಡ್ಸ್, ಅದ್ರಲ್ಲೂ ಅಮೆರಿಕದ ಕಡೆಯ ದಕ್ಷಿಣ ದಡ, ಬಾಡೆಟ್ ಅನ್ನೋ ಊರು. ಜೂನ್ ಎರಡನೇ ವಾರ ಹೋಗಿ. ಯಾಕೆ ಅಂತ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ಬೇರೆಯವರಿಗೂ ಇರತ್ತೆ, ಅವರ ಗುಂಪು ಬೇರೆ ಇದ್ರೆ ಉತ್ತರನೂ ಬೇರೆ ಆಗತ್ತೆ.

ಲೇಕಿನ ಮ್ಯಾಪ್ ತೆಗೆಯೋಕೆ ಮುಂಚೆ ಎಲ್ಲರ ಪಾಸ್‌ಪೋರ್ಟ್ ಟೇಬಲ್ ಮೇಲೆ ಇಡಿ. ಗ್ರೀನ್ ಕಾರ್ಡ್ ಇರೋರು ಪಾಸ್‌ಪೋರ್ಟ್ ಮತ್ತೆ ಕಾರ್ಡ್ ತೋರಿಸಿ ಕೆನಡಾಗೆ ಹೋಗ್ಬಹುದು, ವೀಸಾ ಬೇಡ. ಎಚ್-1ಬಿಯಲ್ಲಿರೋ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು, ನಿಮ್ಮ ಅಪ್ಪಯ್ಯನಿಗೂ ಬೇಕು. ಇನ್ನು ಸ್ಟ್ಯಾಂಪ್ ಮುಗಿದ ಇಬ್ಬರು ವಾಪಸ್ ಬರೋ ಮಾತು. ಕೆನಡಾಗೆ 30 ದಿನದೊಳಗಿನ ಪ್ರವಾಸ ಆದ್ರೆ, ಅಮೆರಿಕಕ್ಕೆ ಬಂದಾಗ ಕೊಡೋ ಐ-94 ದಾಖಲೆ ಚಾಲ್ತಿಯಲ್ಲಿದ್ರೆ, ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅಂತ ಒಂದು ನಿಯಮದಡಿ ಹಳೇ ಸ್ಟ್ಯಾಂಪ್‌ನಲ್ಲೇ ಒಳಗೆ ಬಿಡ್ತಾರೆ, ಆದ್ರೆ ಅದಕ್ಕೂ ಷರತ್ತುಗಳಿವೆ, ಕಂಪನಿ ಲಾಯರ್‌ನ ಕೇಳದೇ ಅದನ್ನ ನಂಬ್ಕೊಂಡು ಹೊರಡ್ಬೇಡಿ. ಮೂರು ದಿನದ ಮೀನಿಗೋಸ್ಕರ ಕೆಲಸಕ್ಕೇ ಸಂಚಕಾರ ತಂದ್ಕೊಳ್ಳೋದು ನನಗಂತೂ ಸರಿ ಕಾಣಲ್ಲ. ಇನ್ನೊಂದು, ಲೇಕ್ ಆಫ್ ದಿ ವುಡ್ಸ್‌ನಲ್ಲಿ ನಾರ್ತ್‌ವೆಸ್ಟ್ ಆ್ಯಂಗಲ್ ಅಂತ ಒಂದು ತುಂಡು ಜಾಗ ಇದೆ, ಮಿನೆಸೋಟಾಗೇ ಸೇರಿದ್ದು, ಅಲ್ಲೂ ಒಳ್ಳೊಳ್ಳೆ ರೆಸಾರ್ಟ್ ಇವೆ, ಅಮೆರಿಕ ತಾನೇ ಅಂತ ಬುಕ್ ಮಾಡ್ಬಿಡ್ತಾರೆ, ಆಮೇಲೆ ಗೊತ್ತಾಗತ್ತೆ ರಸ್ತೆಯಲ್ಲಿ ಅಲ್ಲಿಗೆ ಹೋಗೋಕೆ ಕೆನಡಾದ ಮ್ಯಾನಿಟೋಬಾ ಒಳಗೆ ಹಾದು ಹೋಗ್ಬೇಕು ಅಂತ. ಅದಕ್ಕೇ ಬಾಡೆಟ್ ಅಂದಿದ್ದು, ಅಲ್ಲಿಗೆ ಗಡಿ ದಾಟದೇ ಸೀದಾ ಕಾರಲ್ಲಿ ಹೋಗ್ಬಹುದು.

ಈಗ ಮೀನಿನ ಮಾತಿಗೆ ಬರೋಣ. ವಾಲೈ ಕಣ್ಣನ್ನ ಒಂದ್ಸಲ ಹತ್ರದಿಂದ ನೋಡಿ. ನಾನು ಮೊದಲ್ನೇ ಸಲ ಹಿಡಿದಾಗ ಕತ್ತಲಾಗಿತ್ತು, ಹೆಡ್‌ಲ್ಯಾಂಪ್ ಬೆಳಕು ಮುಖಕ್ಕೆ ಬಿದ್ದ ಕೂಡ್ಲೇ ಎರಡೂ ಕಣ್ಣು ಬೆಳ್ಳಗೆ ಹೊತ್ಕೊಂಡ್ವು, ರಾತ್ರಿ ಆಗುಂಬೆ ಘಾಟಿ ಇಳಿಯುವಾಗ ತಿರುವಲ್ಲಿ ಕಾಡುಬೆಕ್ಕಿನ ಕಣ್ಣು ಹೊಳೆಯತ್ತಲ್ಲ, ಥೇಟ್ ಹಾಗೇ. ಬೆಕ್ಕಿಗೂ ವಾಲೈಗೂ ಕಣ್ಣಿನ ಹಿಂದೆ ಬೆಳಕನ್ನ ವಾಪಸ್ ಎಸೆಯೋ ಒಂದು ಪದರ ಇದೆ, ಹಾಗಾಗಿ ಮಬ್ಬಲ್ಲಿ ಅದಕ್ಕೆ ಚೆನ್ನಾಗಿ ಕಾಣತ್ತೆ, ಅದು ತಿನ್ನೋ ಸಣ್ಣ ಮೀನುಗಳಿಗೆ ಅಷ್ಟಾಗಿ ಕಾಣಲ್ಲ. ಅದಕ್ಕೇ ವಾಲೈ ಬೇಟೆಗೆ ಇಳಿಯೋದು ಬೆಳಗಿನ ಜಾವ, ಮುಸ್ಸಂಜೆ, ಮೋಡ ಕವಿದ ದಿನ, ಇಲ್ಲಾ ಗಾಳಿಗೆ ನೀರು ಸಣ್ಣಗೆ ಕಲಕಿದಾಗ. ತಿಳಿ ನೀರಿನ ಲೇಕಲ್ಲಿ ಮಧ್ಯಾಹ್ನದ ಬಿಸಿಲಿಗೆ ಗಾಳ ಹಾಕ್ಕೊಂಡು ಕೂತ್ರೆ ಹೊಸಬರಿಗೆ ಸಿಗೋದು ಬಹಳ ಕಮ್ಮಿ.

ಅಂದ್ರೆ ಲೇಕ್ ಆರಿಸುವಾಗ ನೀರಿನ ಬಣ್ಣ ಕೇಳ್ಬೇಕು. ಇದನ್ನ ಯಾರೂ ಕೇಳಲ್ಲ, ಎಲ್ರೂ ಕೇಳೋದು ಹೋದ ವರ್ಷ ಎಷ್ಟು ದೊಡ್ಡದು ಸಿಕ್ತು ಅಂತ. ಲೇಕ್ ಆಫ್ ದಿ ವುಡ್ಸ್‌ನ ದಕ್ಷಿಣ ಭಾಗದ ನೀರು ಕಂದು, ತೆಳು ಟೀ ಡಿಕಾಕ್ಷನ್ ತರ, ಸುತ್ತಲಿನ ಜೌಗು ಕಾಡಿನಿಂದ ಇಳಿದು ಬರೋ ಬಣ್ಣ ಅದು, ಗಾಳಿಗೆ ತಳದ ಕೆಸರೂ ಸೇರ್ಕೊಳ್ಳತ್ತೆ. ಅಂಥ ನೀರಲ್ಲಿ ಬೆಳಕು ಕೆಳಗೆ ಇಳಿಯಲ್ಲ, ಹಾಗಾಗಿ ಹಗಲು ಹತ್ತು ಗಂಟೆಗೂ ಎರಡು ಗಂಟೆಗೂ ಮೀನು ಕಚ್ಚತ್ತೆ. 67 ವರ್ಷದ ಹಿರಿಯರನ್ನ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಚಳಿಯಲ್ಲಿ ಕೂರಿಸೋ ಅಗತ್ಯ ಇಲ್ಲ. ನಿಮ್ಮಂಥ ಗುಂಪಿಗೆ ಬೇರೆ ಕಾರಣ ಏನೂ ಬೇಡ, ಇದೊಂದೇ ಸಾಕು.

ಮಿಲ್ ಲಾಕ್ಸ್ ವಿಷಯ ನಂಗೆ ಸ್ವಲ್ಪ ಹತ್ತಿರದ್ದು, ನಾನು ಕಲಿತಿದ್ದೇ ಅಲ್ಲಿ, ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 100 ಮೈಲಿ. 1,32,000 ಎಕರೆಯ ಲೇಕು, ದಡದಲ್ಲಿ ನಿಂತ್ರೆ ಆಚೆ ದಡ ಕಾಣಲ್ಲ, ಆದ್ರೂ ಅತಿ ಆಳ ಅಂದ್ರೆ 42 ಅಡಿ ಅಷ್ಟೆ. ಹಿಂದೆ ವಾಲೈ ಅಂದ್ರೆ ಮಿಲ್ ಲಾಕ್ಸ್ ಅನ್ನೋ ಕಾಲ ಇತ್ತು. ಆಮೇಲೆ ಝೀಬ್ರಾ ಮಸಲ್ ಅನ್ನೋ ಚಿಪ್ಪುಜೀವಿ ಸೇರ್ಕೊಂಡು ನೀರು ತಿಳಿ ಆಯ್ತು, ಬೇಸಿಗೆ ನೀರು ಬಿಸಿಯಾಗ್ತಾ ಬಂತು, ಮರಿಗಳು ಹುಟ್ಟಿದ್ರೂ ದೊಡ್ಡದಾಗೋ ತನಕ ಉಳೀತಿರ್ಲಿಲ್ಲ. 2015ರಲ್ಲಿ ಸೀಸನ್ ಮಧ್ಯದಲ್ಲೇ ಆಗಸ್ಟ್‌ನಲ್ಲಿ ವಾಲೈ ಹಿಡಿಯೋದು ನಿಲ್ಲಿಸಿದ್ರು, 2016ರ ಬೇಸಿಗೆಯಲ್ಲಿ ಹಿಡಿದಿದ್ದನ್ನೆಲ್ಲ ಬಿಡ್ಲೇಬೇಕು ಅಂತ ರೂಲ್ ಬಂತು. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರಿಗೆ 1837ರ ಒಪ್ಪಂದದ ಪ್ರಕಾರ ಮೀನಿನ ಹಕ್ಕಿದೆ, 1999ರಲ್ಲಿ ಸುಪ್ರೀಂ ಕೋರ್ಟೇ ಅದನ್ನ ಎತ್ತಿಹಿಡೀತು, ಮೀನು ಕಮ್ಮಿ ಆಗಿದ್ದಕ್ಕೆ ಅವರನ್ನೇ ಬೈಯೋ ಜನ ಬೋಟ್ ಲ್ಯಾಂಡಿಂಗಲ್ಲಿ ನಿಮಗೂ ಸಿಗ್ತಾರೆ, ಆ ಮಾತಿಗೆ ತಲೆ ಹಾಕ್ಬೇಡಿ, ಕಾರಣ ನೀರಲ್ಲೇ ಇದೆ. ಈಗಲೂ ಮಿಲ್ ಲಾಕ್ಸ್‌ಗೆ ಹೋಗೋದು ಚೆಂದವೇ, ಆದ್ರೆ ಅಲ್ಲಿ ರೂಲ್ಸ್ ವರ್ಷವರ್ಷ ಬದಲಾಗತ್ತೆ, ಸಂಜೆ ಹೊತ್ತೇ ಚೆನ್ನಾಗಿ ಕಚ್ಚೋದು, ಮನೆಗೆ ಮೀನು ತರ್ಬೇಕು ಅಂತ ಆಸೆ ಇಟ್ಕೊಂಡೋರಿಗೆ ಬೇಜಾರಾಗ್ಬಹುದು.

ಲಾಕ್ ಸೂಲ್ ಬಗ್ಗೆ ನಿಮ್ಮ ಆಫೀಸಿನವರು ಸುಳ್ಳು ಹೇಳಿಲ್ಲ. ಒಂಟಾರಿಯೊದ ವಾಯವ್ಯ ಭಾಗ, ಇಯರ್ ಫಾಲ್ಸ್ ಕಡೆಯಿಂದಲೂ ಹೋಗ್ಬಹುದು, ಸೂ ಲುಕೌಟ್ ಕಡೆಯಿಂದಲೂ ಹೋಗ್ಬಹುದು, ಅಣೆಕಟ್ಟು ಕಟ್ಟಿ ನೀರು ಏರಿದ ದೊಡ್ಡ ಜಲಾಶಯ, ನೀರೊಳಗೆ ಬಂಡೆ, ಮುಳುಗಿದ ಮರದ ಬೊಡ್ಡೆ ತುಂಬಾ. ವಾಲೈ ಸಂಖ್ಯೆಯಲ್ಲಿ ಅದಕ್ಕೆ ಸಾಟಿ ಕಮ್ಮಿ. ಆದ್ರೆ ಬೋಟ್ ಬಾಡಿಗೆಗೆ ತಗೊಂಡು ನೀವೇ ನಡೆಸ್ಬೇಕು ಇಲ್ಲಾ ದಿನಾ ಗೈಡ್ ಇಟ್ಕೊಳ್ಬೇಕು, ಷಿಕಾಗೊದಿಂದ ಒಂದು ಹಗಲಲ್ಲಿ ಮುಟ್ಟೋ ದಾರಿ ಅಲ್ಲ, ಮೂರು ದಿನದ ರಜೆಯಲ್ಲಿ ಹೋಗೋ ಜಾಗ ಅಲ್ಲವೇ ಅಲ್ಲ. ಎಲ್ಲರ ವೀಸಾ ಸರಿ ಇದ್ದು, ಒಂದು ವಾರ ಸಿಕ್ಕಿದ್ರೆ, ಎರಡನೇ ಟ್ರಿಪ್‌ಗೆ ಇಟ್ಕೊಳ್ಳಿ. ಆಗ ಒಂದು ನೆನಪಿರ್ಲಿ, ಒಂಟಾರಿಯೊಗೆ ಹೊರಗಿನಿಂದ ಜೀವಂತ ಮೀನುಮರಿ, ಜಿಗಣೆ ತರೋ ಹಾಗಿಲ್ಲ, ಎರೆಹುಳು ತರ್ಬಹುದು ಆದ್ರೆ ಮಣ್ಣಲ್ಲಿ ಅಲ್ಲ, ಚೂರು ಕಾಗದದ ಹಾಸಿಗೆಯಲ್ಲಿ ಇರ್ಬೇಕು.

ಇನ್ನು ಬಾಡೆಟ್. ಮಿನಿಯಾಪೊಲಿಸ್‌ನಿಂದ ಸುಮಾರು 270 ಮೈಲಿ, ನಿಮಗೆ ಷಿಕಾಗೊದಿಂದ 650 ಮೈಲಿಗಿಂತ ಮೇಲೆ, ಹೋಗ್ತಾ ಒಂದು ರಾತ್ರಿ ಎಲ್ಲಾದ್ರೂ ಉಳ್ಕೊಳ್ಳಿ, ಅಪ್ಪಯ್ಯನ ಕಾಲು ಊದ್ಕೊಳ್ಳತ್ತೆ ಇಲ್ಲಾಂದ್ರೆ. ಊರಿಗೆ ಬರ್ತಿದ್ದ ಹಾಗೇ 40 ಅಡಿ ಉದ್ದದ ವಾಲೈ ಪ್ರತಿಮೆ ಕಾಣತ್ತೆ, ವಿಲಿ ವಾಲೈ ಅಂತ ಹೆಸರು, ಅದರ ಮುಂದೆ ಅಪ್ಪಯ್ಯನ ಫೋಟೊ ತೆಗೀರಿ. ಊರಲ್ಲೇ ಆಸ್ಪತ್ರೆ ಇದೆ, ಅದೂ ನಾನು ಈ ಊರು ಹೇಳೋಕೆ ಒಂದು ಕಾರಣ, ಆದ್ರೂ ಅವರ ಟ್ರಾವೆಲ್ ಇನ್ಶೂರೆನ್ಸ್ ಪೇಪರ್ ಜೊತೆಗಿರ್ಲಿ.

ರೆಸಾರ್ಟ್‌ಗೆ ಫೋನ್ ಮಾಡಿ ಚಾರ್ಟರ್ ಬೋಟ್ ಕೇಳಿ. ಕ್ಯಾಪ್ಟನ್ ಇರ್ತಾರೆ, ಗಾಳ, ಬೇಟ್ (ಗಾಳಕ್ಕೆ ಚುಚ್ಚೋ ಎರೆ) ಎಲ್ಲ ಅವರೇ ಕೊಡ್ತಾರೆ, ನಿಮ್ಮ ಐದೂ ಜನಕ್ಕೆ ಜಾಗ ಇರತ್ತೆ, ಕೂತ್ಕೊಳ್ಳೋಕೆ ಸೀಟು, ಬಹಳಷ್ಟು ಬೋಟಲ್ಲಿ ಟಾಯ್ಲೆಟ್ಟೂ ಇರತ್ತೆ, ಬುಕ್ ಮಾಡುವಾಗ ಇದನ್ನ ನಾಚಿಕೆ ಪಡದೇ ಕೇಳಿ, ಹಿರಿಯರನ್ನ ಕರ್ಕೊಂಡು ಹೋಗುವಾಗ ಮೀನಿಗಿಂತ ಇದು ಮುಖ್ಯ. ಮತ್ತೆ ಗಾಳಿ ಜಾಸ್ತಿ ಆದ್ರೆ ಏನ್ಮಾಡ್ತೀರಿ ಅಂತ ಕೇಳಿ. ಬಿಗ್ ಟ್ರಾವರ್ಸ್ ಬೇ ಅಂತ ಅಲ್ಲಿನ ದೊಡ್ಡ ಬಯಲು ನೀರು, ಆಳ ಕಮ್ಮಿ, ಹಾಗಾಗಿ ಗಾಳಿ ಎದ್ರೆ ಅಲೆ ಬೇಗ ಏಳತ್ತೆ, ಸಮುದ್ರ ನೋಡಿದವರಿಗೂ ಅದು ಆಟ ಅಲ್ಲ. ಆದ್ರೆ ಪಕ್ಕದಲ್ಲೇ ರೇನಿ ರಿವರ್, ಅದು ಲೇಕಿಗೆ ಸೇರೋ ಫೋರ್ ಮೈಲ್ ಬೇ ಇದೆ, ಗಾಳಿ ದಿನ ಅಲ್ಲಿ ಮರೆಯಲ್ಲಿ ಹಿಡಿಯಬಹುದು. ಹೀಗೆ ಎರಡನೇ ದಾರಿ ಇರೋ ಲೇಕೇ ಮೊದಲ ಟ್ರಿಪ್‌ಗೆ ಒಳ್ಳೇದು. ನಾನು ಒಂದ್ಸಲ ಬೇರೊಂದು ಲೇಕಲ್ಲಿ ಮೂರು ದಿನದ ಬಾಡಿಗೆ ಕೊಟ್ಟು ಎರಡೂವರೆ ದಿನ ಕಿಟಕಿಯಿಂದ ಅಲೆ ನೋಡ್ತಾ ಕೂತಿದ್ದೆ, ಮಕ್ಕಳ ಮುಖ ಈಗಲೂ ಕಣ್ಮುಂದೆ ಇದೆ.

ಜೂನ್ ಎರಡನೇ ವಾರ ಯಾಕಂದ್ರೆ, ಮೇ ಮಧ್ಯದಲ್ಲಿ ಸೀಸನ್ ಶುರುವಾದಾಗ ಮೀನು ಚೆನ್ನಾಗಿ ಸಿಗತ್ತೆ ಆದ್ರೆ ನೀರು ಕೊರೆಯೋ ಚಳಿ, ಬಿದ್ರೆ ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳಲ್ಲ. ಜೂನ್ ಕೊನೆಗೆ ಮೇಫ್ಲೈ ಅನ್ನೋ ಹುಳ ರಾಶಿರಾಶಿ ಎದ್ದು ಬರತ್ತೆ, ವಾಲೈ ಅದನ್ನೇ ತಿಂದು ಹೊಟ್ಟೆ ತುಂಬಿಸ್ಕೊಂಡಿರತ್ತೆ, ನಿಮ್ಮ ಗಾಳದ ಕಡೆ ತಿರುಗೋದು ಕಮ್ಮಿ. ನಡುವಿನ ವಾರಗಳು ಹಿತ, ರಾತ್ರಿ ಒಂಬತ್ತರ ತನಕ ಬೆಳಕೂ ಇರತ್ತೆ. ಸೊಳ್ಳೆ ಮಾತ್ರ ವಿಪರೀತ, ಉದ್ದ ತೋಳಿನ ಅಂಗಿ, ಡೀಟ್ ಇರೋ ಸ್ಪ್ರೇ ಮರೀಬೇಡಿ. ಲೈಫ್ ಜಾಕೆಟ್ ಎಲ್ರೂ ಹಾಕ್ಕೊಳ್ಳಿ, ಅಪ್ಪಯ್ಯ ನಂಗೆ ಈಜು ಬರತ್ತೆ ಅಂದೇ ಅಂತಾರೆ, ಬಿಡ್ಬೇಡಿ, ಹೊಳೆಯ ಬಿಸಿ ನೀರಲ್ಲಿ ಈಜೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಲ್ಲಿ ಸಾಮಾನ್ಯವಾಗಿ ಮಾಡೋದು ಏನಂದ್ರೆ ಬೋಟಿಗೆ ಲಂಗರು ಹಾಕಿ, ಜಿಗ್ ಅಂತ ಸೀಸದ ತಲೆ ಇರೋ ಗಾಳಕ್ಕೆ ಫ್ರೀಜ್ ಮಾಡಿದ ಶೈನರ್ ಅನ್ನೋ ಸಣ್ಣ ಮೀನು ಚುಚ್ಚಿ ತಳಕ್ಕೆ ಬಿಡೋದು, ಅರ್ಧ ಅಡಿ ಎತ್ತೋದು, ಇಳಿಸೋದು. ವಾಲೈ ಕಚ್ಚಿದ್ದು ಎಳೆತ ಅಲ್ಲ, ಬೆರಳಿಗೆ ಒಂದು ಸಣ್ಣ ಟಕ್, ಆಮೇಲೆ ಒದ್ದೆ ಬಟ್ಟೆ ಸಿಕ್ಕ ಹಾಗೆ ಭಾರ. ನಿಮ್ಮ ಐದು ಜನರಲ್ಲಿ ಅದನ್ನ ಮೊದಲು ಗುರುತು ಹಿಡಿಯೋದು ಅಪ್ಪಯ್ಯನೇ ಅಂತ ನಂಗೆ ಖಾತ್ರಿ ಇದೆ, ಹೊಳೆಯಲ್ಲಿ ಕೈದಾರ ಹಿಡಿದ ಬೆರಳು ಮರೆಯಲ್ಲ.

ಲೈಸೆನ್ಸ್ ಪ್ರತಿಯೊಬ್ಬರಿಗೂ ಬೇಕು, ಹೊರ ರಾಜ್ಯದವರಿಗೆ 24 ಗಂಟೆ, 72 ಗಂಟೆ, 7 ದಿನದ್ದು ಸಿಗತ್ತೆ, ಆನ್‌ಲೈನಲ್ಲೇ ತಗೊಳ್ಳಿ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ಆ ಲೇಕಿನ ಮಿನೆಸೋಟಾ ಭಾಗದಲ್ಲಿ 19.5ರಿಂದ 28 ಇಂಚಿನ ವಾಲೈ ಸಿಕ್ಕಿದ್ರೆ ನೀರಿಗೇ ವಾಪಸ್ ಬಿಡ್ಬೇಕು, ಹೊರಡೋ ಮುಂಚೆ ಆ ವರ್ಷದ ರೂಲ್ ಪುಸ್ತಕ ಒಂದ್ಸಲ ನೋಡ್ಕೊಳ್ಳಿ. ಫಿಲೆ ಮಾಡಿ, ಅಂದ್ರೆ ಮುಳ್ಳಿಂದ ಮಾಂಸ ಬಿಡಿಸಿ ತರುವಾಗ ಪ್ರತಿ ತುಂಡಿನ ಮೇಲೂ ಒಂದಿಂಚು ಚರ್ಮ ಬಿಟ್ಟಿರ್ಬೇಕು, ಯಾವ ಮೀನು ಅಂತ ವಾರ್ಡನ್‌ಗೆ ಗೊತ್ತಾಗೋಕೆ.

ಪ್ರಶ್ನೆ: ಟೊರಾಂಟೊದಲ್ಲಿದೀವಿ, ಇಬ್ಬರು ಮಕ್ಕಳು, ವೀಕೆಂಡ್ ಅಷ್ಟೇ ಸಿಗೋದು. ಇಲ್ಲಿ ಅಂಗಡಿಯವರು ವಾಲೈ ಅಂದ್ರೆ ಪಿಕರೆಲ್ಲಾ ಅಂತ ಕೇಳ್ತಾರೆ. ಎರಡೂ ಒಂದೇನಾ? ಹತ್ರ ಎಲ್ಲಿ ಹೋಗ್ಬಹುದು?

ಉತ್ತರ: ಒಂದೇ ಮೀನು. ಒಂಟಾರಿಯೊದಲ್ಲಿ ಹಳಬರು ಪಿಕರೆಲ್ ಅಂತಾರೆ, ಕ್ವಿಬೆಕ್ ಕಡೆ ಹೋದ್ರೆ ಡೊರೆ. ಮೈ ಬಂಗಾರ ಮಿಶ್ರಿತ ಹಸಿರು, ಬಾಲದ ಕೆಳತುದಿಯಲ್ಲಿ ಬಿಳಿ ಚುಕ್ಕೆ, ಅಷ್ಟು ಕಂಡ್ರೆ ಸಾಕು. ವೀಕೆಂಡ್‌ಗೆ ಬೆಲ್‌ವಿಲ್ ಹತ್ರದ ಬೇ ಆಫ್ ಕ್ವಿಂಟೆ, 401 ಹೈವೇಯಲ್ಲಿ ಎರಡು ಗಂಟೆ ದಾರಿ. ಉತ್ತರದ ಕಾಡು ಲೇಕಿನ ಅನುಭವ ಬೇಕು ಅಂದ್ರೆ ನಾರ್ತ್ ಬೇ ಪಕ್ಕದ ಲೇಕ್ ನಿಪಿಸಿಂಗ್, ಸುಮಾರು 350 ಕಿಲೋಮೀಟರ್, ಲಾಂಗ್ ವೀಕೆಂಡ್ ಆದ್ರೆ ಸಾಕು. ಮಕ್ಕಳಿದ್ದಾರೆ ಅಂದ್ರೆ ನಾನು ಕ್ವಿಂಟೆನೇ ಹೇಳ್ತೀನಿ, ವಾಲೈ ಸಿಗದಿದ್ರೂ ಪರ್ಚ್ ಅನ್ನೋ ಸಣ್ಣ ಮೀನು ಸಿಗತ್ತೆ, ಹತ್ತು ವರ್ಷದ ಮಗುವಿಗೆ ದಿನಕ್ಕೆ ಆರು ಸಣ್ಣ ಮೀನು ಸಿಕ್ಕಿದ ಖುಷಿ ಒಂದು ದೊಡ್ಡದು ಬರತ್ತೆ ಅಂತ ಕಾಯೋದ್ರಲ್ಲಿ ಇರಲ್ಲ. ದೊಡ್ಡ ವಾಲೈಗೆ ಆಸೆ ಇದ್ರೆ ಅಕ್ಟೋಬರ್ ಆದ್ಮೇಲೆ ನೀವೊಬ್ರೇ ಹೋಗಿ, ಚಳಿ ಶುರುವಾಗ್ತಿದ್ದಂತೆ ಲೇಕ್ ಒಂಟಾರಿಯೊದ ದೊಡ್ಡ ಮೀನುಗಳು ಆ ಬೇ ಒಳಗೆ ಬರ್ತವೆ. ಲೈಸೆನ್ಸ್‌ನಲ್ಲಿ ಕನ್ಸರ್ವೇಶನ್ ಅನ್ನೋದು ಅಗ್ಗ, ಇಟ್ಕೊಳ್ಳೋ ಮೀನಿನ ಲೆಕ್ಕ ಕಮ್ಮಿ, ವೀಕೆಂಡ್‌ನವರಿಗೆ ಅದೇ ಸಾಕು.

ಪ್ರಶ್ನೆ: ನಾನು ಶಿವಮೊಗ್ಗದ ಗೃಹಿಣಿ. ಮಗಳು ಅಳಿಯ ಮಿನೆಸೋಟಾದಲ್ಲಿದ್ದಾರೆ, ದೊಡ್ಡ ಮೀನು ಹಿಡಿದು ಫೋಟೊ ಕಳಿಸ್ತಾರೆ, ಕೇಳಿದ್ರೆ ಬಿಟ್ಟುಬಿಟ್ವಿ ಅಮ್ಮಾ ಅಂತಾರೆ. ತಿನ್ನೋದಾದ್ರೆ ತಿನ್ನಿ, ಇಲ್ಲಾ ಶೃಂಗೇರಿ ಮೀನಿನ ಹಾಗೆ ಮುಟ್ಟದೇ ಬಿಡಿ, ಹಿಡಿದು ಬಿಡೋದು ಯಾವ ನ್ಯಾಯ?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆ ಓದಿ ನಾನು ಎರಡು ದಿನ ಯೋಚನೆ ಮಾಡ್ದೆ. ಸುಮ್ನೆ ಫೋಟೊಗೋಸ್ಕರ ದಿನಕ್ಕೆ ಐವತ್ತು ಮೀನು ಹಿಡಿದು ಬಿಡೋದು ನಂಗೂ ಇಷ್ಟ ಇಲ್ಲ. ಆದ್ರೆ ನಿಮ್ಮ ಮಗಳು ದೊಡ್ಡದನ್ನ ಬಿಟ್ಟು ಮಧ್ಯಮದ್ದನ್ನ ಮನೆಗೆ ತರ್ತಿದ್ರೆ ಅವರು ಮಾಡ್ತಿರೋದು ಸರಿ. ದೊಡ್ಡ ವಾಲೈ ಬಹುಪಾಲು ಹೆಣ್ಣು, ವಸಂತದಲ್ಲಿ ಮಂಜು ಕರಗ್ತಿದ್ದ ಹಾಗೆ ಒಂದೊಂದು ಲಕ್ಷಗಟ್ಟಲೆ ಮೊಟ್ಟೆ ಇಡತ್ತೆ. ಅದೇ ಮಿನೆಸೋಟಾದಲ್ಲಿ ರೆಡ್ ಲೇಕ್ ಅಂತ ಇದೆ, 1990ರ ದಶಕದಲ್ಲಿ ಅತಿಯಾಗಿ ಹಿಡಿದು ಹಿಡಿದು ವಾಲೈ ಮುಗಿದೇ ಹೋದ ಹಾಗಾಗಿತ್ತು. ಅಲ್ಲಿನ ಒಜಿಬ್ವೆ ಜನ ತಾವೇ ಬಲೆ ಎತ್ತಿಟ್ರು, ರಾಜ್ಯದವರೂ ಸೇರ್ಕೊಂಡ್ರು, ಮರಿ ಬಿಟ್ರು, ವರ್ಷಗಟ್ಟಲೆ ಯಾರೂ ಮುಟ್ಲಿಲ್ಲ, 2006ರಲ್ಲಿ ಮತ್ತೆ ಹಿಡಿಯೋ ಹಾಗಾಯ್ತು. ಮಗಳಿಗೆ ಎರಡು ಮಾತು ಹೇಳಿ. ಒಂದು, ಮೂವತ್ತು ಅಡಿಗಿಂತ ಆಳದಿಂದ ಎಳೆದ ಮೀನು ಬಿಟ್ರೂ ಬದುಕೋದು ಕಷ್ಟ, ಒಳಗಿನ ಗಾಳಿಚೀಲ ಉಬ್ಬಿರತ್ತೆ, ಜುಲೈ ಆಗಸ್ಟ್‌ನ ಬಿಸಿ ನೀರಲ್ಲೂ ಹಾಗೇ, ಆವಾಗ ಊಟಕ್ಕೆ ಬೇಕಾದಷ್ಟು ಹಿಡಿದು ನಿಲ್ಲಿಸ್ಲಿ. ಎರಡು, ಒದ್ದೆ ಕೈಯಲ್ಲೇ ಮುಟ್ಲಿ, ಫೋಟೊ ಬೇಗ ತೆಗೀಲಿ.

ಪ್ರಶ್ನೆ: ವಾಲೈ ತಂದಿದೀವಿ, ಇಲ್ಲಿಯವರ ತರ ಮೈದಾ ಹಚ್ಚಿ ಕರಿದ್ರೆ ಸಪ್ಪೆ ಅನ್ನಿಸ್ತು. ನಮ್ಮ ಕಡೆ ಸಾರು ಆಗತ್ತಾ?

ಉತ್ತರ: ಸಾರಿಗಿಂತ ರವಾ ಫ್ರೈ ಮಾಡಿ, ಕಾಣೆ ಮೀನು ನೆನಪಾಗತ್ತೆ. ಬೆಳ್ಳಗಿನ ಮಾಂಸ, ಎಣ್ಣೆ ಅಂಶ ಕಮ್ಮಿ, ಪಕ್ಕೆ ಮುಳ್ಳು ತೆಗೆದ್ರೆ ಮುಳ್ಳಿನ ಕಾಟ ಇಲ್ಲ. ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು, ದಪ್ಪ ಹುಣಸೆ ರಸ ಕಲಸಿ ಹಚ್ಚಿ ಅರ್ಧ ಗಂಟೆ ಇಡಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿ, ಮಗುಚೋದು ಒಂದೇ ಸಲ. ಸಾರು ಬೇಕೇ ಬೇಕು ಅಂದ್ರೆ ಮಸಾಲೆ ಪೂರ್ತಿ ಕುದ್ದ ಮೇಲೆ ತುಂಡು ಹಾಕಿ ನಾಲ್ಕೈದು ನಿಮಿಷಕ್ಕೆ ಒಲೆ ಆರಿಸಿ, ಸೌಟು ಆಡಿಸ್ಬೇಡಿ, ಒಡೆದು ಹೋಗತ್ತೆ. ಫಿಲೆ ಮಾಡುವಾಗ ಕೆನ್ನೆಯ ಮಾಂಸ ಬಿಸಾಡ್ಬೇಡಿ, ಎರಡೂ ಕಡೆ ನಾಣ್ಯದಷ್ಟು ಗುಂಡಗಿನ ತುಂಡು ಬರತ್ತೆ, ಇಡೀ ಮೀನಲ್ಲಿ ರುಚಿ ಅಂದ್ರೆ ಅದೇ. ಮನೆಯಲ್ಲಿ ಗರ್ಭಿಣಿಯರು, ಸಣ್ಣ ಮಕ್ಕಳಿದ್ರೆ ದೊಡ್ಡ ವಾಲೈ ಕೊಡ್ಬೇಡಿ, ವಯಸ್ಸಾದ ಮೀನಲ್ಲಿ ಪಾದರಸ ಜಾಸ್ತಿ ಸೇರಿರತ್ತೆ, ಯಾರಿಗೆ ಎಷ್ಟು ತಿನ್ಬಹುದು ಅಂತ ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಹಾಕಿರತ್ತೆ, ಅದನ್ನ ನೋಡಿ ಬಡಿಸಿ.